ಮಹಡಿಯ ಮೇಲಿನ ಪರೀಕ್ಷೆ

ಗಿಟಾರ್ ನುಡಿಸುವವರ ನಡುವೆ ಬಾಯಿಂದ ಬಾಯಿಗೆ ಬಂದ ಕಥೆಯಿದು. ಒಬ್ಬ ಗಿಟಾರ್ ರಿಪೇರಿಯವನಿದ್ದ. ತಂತಿಯ ಕಂಪನವನ್ನು ಹಿಡಿಯುವ ಪಿಕಪ್ ಆರಿಸುವುದಕ್ಕೆ ಅವನದೇ ಒಂದು ಕ್ರಮವಿತ್ತು. ಮಹಡಿಯ ಮೇಲಿನ ಮನೆಯೊಡತಿ ಪಂಕಜಮ್ಮ ಬೈಯಲು ಇಳಿದು ಬಂದರೆ ನಾದಕ್ಕೆ ತಕ್ಕ ತೂಕ ಬಂದಿತೆಂದು ಅರ್ಥ. ಮೆಟ್ಟಿಲ ಸದ್ದು ಕೇಳಿದೊಡನೆ ಅವನು ಬಾಗಿಲಿಗೆ ಚಿಲಕ ಹಾಕಿ, "ತಪ್ಪಾಯ್ತಮ್ಮಾ, ನಿಲ್ಲಿಸ್ಬಿಟ್ಟೆ!" ಎಂದು ಒಳಗಿನಿಂದಲೇ ಕೂಗುತ್ತಿದ್ದ. ಮೂರು ವರ್ಷ ಹೀಗೆಯೇ ನಡೆಯಿತು.

ಒಂದು ದಿನ ಯುವತಿಯೊಬ್ಬಳು ಗಿಟಾರ್ ತಂದಳು.

"ಅಣ್ಣಾ, ಭಾನುವಾರ ಸ್ಪರ್ಧೆ. ಹೋದ ಸಲ ನನ್ನ ಗಿಟಾರು ಸೊಳ್ಳೆ ಥರ ಕೇಳ್ತು ಅಂತ ಜನ ನಕ್ಕುಬಿಟ್ರು. ಈ ಸಲ ಎದೆಗೆ ಗುದ್ದಬೇಕು."

"ಮೇಲಿನವ್ರು ಕೆಳಗಿಳಿಯೋ ತನಕ ಬಿಡಲ್ಲ ಕಣಮ್ಮ."

ಗಿಟಾರಿನಲ್ಲಿದ್ದ ಹಳೆಯ ಪಿಕಪ್ಪಿನ ಜೊತೆಗೆ ಹೊಸದೊಂದನ್ನು ಜೋಡಿಸಿ ನುಡಿಸಿದ. ಮೇಲೆ ಸದ್ದಿಲ್ಲ. ಅದನ್ನು ಬಿಚ್ಚಿ ಎರಡನೆಯದನ್ನು ಹಾಕಿದ. ಆಗಲೂ ಸದ್ದಿಲ್ಲ. ಮೂರನೆಯದನ್ನು ಹಾಕಿ ಮೀಟಿದೊಡನೆ ಮೆಟ್ಟಿಲು ದಡದಡಿಸಿತು.

"ಬಂದ್ರು! ಇದೇ ನಿಂಗೆ ಸರಿ!"

ಅವನು ಚಿಲಕ ಹಾಕುವಷ್ಟರಲ್ಲಿ, ಕ್ಷಮೆ ಕೇಳಲೆಂದು ಯುವತಿಯೇ ಬಾಗಿಲು ತೆರೆದುಬಿಟ್ಟಳು. ಪಂಕಜಮ್ಮ ಸೌಟು ಹಿಡಿದೇ ಬಂದಿದ್ದರು.

"ಮೂರು ವರ್ಷದಿಂದ ಹೇಳೋಕೆ ಬಂದಾಗೆಲ್ಲ ಬಾಗ್ಲು ಹಾಕ್ಕೋತೀಯಲ್ಲೋ! ಮೇಲಿಂದ ಎಲ್ಲಾ ಕೇಳ್ತಾನೇ ಇರ್ತೀನಿ. ಪ್ರತಿ ಸಲ ಹಳೇ ಪಿಕಪ್ಪಿಗೆ ಹೊಂದೋದನ್ನ ಬಿಚ್ಚಿಟ್ಟು, ಬರೀ ಗದ್ದಲ ಮಾಡೋದನ್ನೇ ಹಾಕಿ ಕಳಿಸ್ತೀಯಾ. ಈ ಮಗುಗಾದ್ರೂ ಆ ಎರಡನೇದನ್ನ ಹಾಕ್ಕೊಡು!"