ಬಚ್ಚಲ ಪಕ್ಕದ ಕನಕಾಂಬರ

“ಕಿತ್ತಾಕೋ ಅದನ್ನ,” ಎಂದ ಚೆನ್ನರಾಯಪ್ಪ.

ತೋಟದ ಮೇಸ್ತ್ರಿ ನಲ್ಲಪ್ಪ ಗುದ್ದಲಿ ಹಿಡಿದು ಮುಂದೆ ಬಂದ. ಊರಾಚೆಯ ಕೇರಿಯಲ್ಲಿ, ಕದಿರಮ್ಮನ ಗುಡಿಸಲ ಪಕ್ಕ, ಬಚ್ಚಲ ನೀರು ಹರಿಯುವಲ್ಲಿ, ಮೊಣಕಾಲೆತ್ತರದ ಒಂದು ಕನಕಾಂಬರದ ಗಿಡ ನಿಂತಿತ್ತು. ಊರವರ ಹಿತ್ತಿಲಲ್ಲಿ ಇರುವುದು ತೆಳು ಹಳದಿಯದು. ಇದು ಕೆಂಡದ ಬಣ್ಣದ್ದು. ಆ ಬಣ್ಣದ್ದು ಸುತ್ತಲ ಹಳ್ಳಿಗಳಲ್ಲಿ ಚೆನ್ನರಾಯಪ್ಪನ ತೋಟ ಬಿಟ್ಟರೆ ಬೇರೆಲ್ಲೂ ಇರಲಿಲ್ಲ. ಅದರ ಹೂ ಬುಟ್ಟಿ ಬುಟ್ಟಿಯಾಗಿ ಗೌರಿಬಿದನೂರಿನಲ್ಲಿ ಬೆಳಗಿನ ರೈಲು ಹತ್ತುತ್ತಿತ್ತು. ಅದರ ಬೀಜ ಹೊರಗೆ ಹೋಗಬಾರದೆಂದು, ಹೂ ಬಿಡಿಸಿದ ಹೆಂಗಸರೆಲ್ಲ ದಿನಾ ಸಂಜೆ ತೋಟದ ಬಾಗಿಲಲ್ಲಿ ನಲ್ಲಪ್ಪನ ಎದುರು ನಿಂತು ಸೆರಗು ಒದರಿಯೇ ಹೋಗಬೇಕು. ಕಂಕುಳಲ್ಲಿ ಕೂಸಿದ್ದರೆ ನೆಲಕ್ಕಿಳಿಸಿ ಒದರಬೇಕು.

ಕದಿರಮ್ಮ ಗಿಡಕ್ಕೆ ಅಡ್ಡ ನಿಂತಳು. “ಕದ್ದಿಲ್ಲ ಬುದ್ಧೀ. ಹೋದೊರ್ಷ ಮೊದಲ್ನೇ ಮಳೆ ಹೊಡೀತಲ್ಲ, ಅವತ್ತು ನಾವು ತೋಟದಾಗೇ ಇದ್ವು. ಒಣಗಿದ ತೆನೆ ಮೇಲೆ ಹನಿ ಬಿದ್ದೇಟ್ಗೆ ಚಟಚಟ ಸಿಡೀತು. ಒದ್ದೆ ತಲೆಗೆ ಬೀಜ ಅಂಟ್ಕೊಂಡು ಬಂದೈತೆ. ಬಚ್ಚಲಾಗೆ ತಲೆ ತೊಳ್ಕೊಂಡೆ. ಅದೇ ಹುಟ್ಟೈತೆ.”

ಚೆನ್ನರಾಯಪ್ಪ ನಲ್ಲಪ್ಪನ ಕಡೆ ತಿರುಗಿದ. “ಸೆರಗು ಒದರ್ಸಿದ್ದೇನೋ ಅವತ್ತು?”

“ಒದರ್ಸಿದ್ದೆ ಗೌಡ್ರೇ.”

“ತಲೆ?”

ನಲ್ಲಪ್ಪ ಗುದ್ದಲಿಯನ್ನು ಇನ್ನೊಂದು ಕೈಗೆ ಬದಲಿಸಿಕೊಂಡ.

“ನಾಳೆಯಿಂದ ಜಡೆ ಬಿಚ್ಚಿ ಒದರ್ಸು.”

ಗುಡಿಸಲ ಬಾಗಿಲಲ್ಲಿ ಕದಿರಮ್ಮನ ಮಗಳು ಆಂಜಿನಮ್ಮ ನಿಂತಿದ್ದಳು. ಕೈಕಾಲಿಗೆ ಅರಿಶಿನ ಹಚ್ಚಿ ಆಗಿತ್ತು. ಮದುವೆಗೆ ಮುಂಚೆ ಯಾರೂ ಮುಟ್ಟಬಾರದು ಎಂದು ತಾಯಿ ಆ ಗಿಡದ ಒಂದು ಹೂವನ್ನೂ ಬಿಡಿಸಿರಲಿಲ್ಲ. ಹಾಗಾಗಿ ತೆನೆಗಳ ಕೆಳಭಾಗವೆಲ್ಲ ಒಣಗಿ ಕಾಯಾಗಿತ್ತು, ತುದಿಯಲ್ಲಿ ಕೆಂಡದಂತೆ ಹೂ.

“ಸೋಮವಾರ ಮದ್ವೆ ಬುದ್ಧೀ,” ಎಂದಳು ಕದಿರಮ್ಮ. “ಅವತ್ತೊಂದು ದಿನ ನನ್ನ ಮಗಳು ಮುಡ್ಕೊಳ್ಲಿ. ಮಂಗಳವಾರ ನಾನೇ ಬೇರು ಸಮೇತ ತಂದು ಹಾಕ್ತೀನಿ.”

“ನಿಮ್ಗ್ಯಾಕೇ ಕನಕಾಂಬರ? ಬೇಲಿ ಮೇಲೆ ಸ್ಫಟಿಕದ ಹೂ ಸತ್ತೋಗೈತಾ? ನಿಮ್ಮವ್ವ ಅದನ್ನೇ ಮುಡ್ಕೊಂಡು ಮದ್ವೆ ಆಗ್ಲಿಲ್ವಾ?”

“ಆದ್ಲು ಬುದ್ಧೀ. ನಾನೂ ಆದೆ. ಈ ಕೈ ಈ ಊರಿಗೆ ಬಂದಾಗಿಂದ ನಿಮ್ಮ ಹೂ ಬಿಡಿಸೈತೆ. ಈ ತಲೆ ಒಂದೆಸಳು ಕಂಡಿಲ್ಲ.”

“ನಲ್ಲಪ್ಪ,” ಎಂದ ಚೆನ್ನರಾಯಪ್ಪ. ಅಷ್ಟೇ ಸಾಕಾಯಿತು. ನಲ್ಲಪ್ಪ ಕದಿರಮ್ಮನನ್ನು ಮುಟ್ಟದೆ, ಗುದ್ದಲಿಯ ಕಾವಿನಿಂದ ಅತ್ತ ನೂಕಿದ. ಎರಡೇಟಿಗೆ ಗಿಡ ಮೇಲೆದ್ದು ಅಂಗಳದಲ್ಲಿ ಬಿತ್ತು. ಆಂಜಿನಮ್ಮ ಅರಿಶಿನದ ಕೈಗಳಿಂದ ಬಾಯಿ ಮುಚ್ಚಿಕೊಂಡಳು.

“ಎತ್ಕೊ. ನನ್ನ ಗಿಡ ನನ್ನ ತೋಟದಾಗಿರ್ಬೇಕು.”

“ಹೆಂಗೆತ್ಲಿ ಗೌಡ್ರೇ?” ನಲ್ಲಪ್ಪ ಹಿಂದೆ ಸರಿದ. “ಕೇರಿ ಬಚ್ಚಲು ಕುಡಿದ ಗಿಡ. ಗುಡಿ ಮುಂದೆ ಹಾಯ್ಕೊಂಡೋಗ್ಬೇಕು.”

ಚೆನ್ನರಾಯಪ್ಪನಿಗೆ ಯೋಚಿಸಬೇಕಾಗಲಿಲ್ಲ. ಅವನಪ್ಪ ಹೇಳುತ್ತಿದ್ದ ಮಾತೇ ಅವನ ಬಾಯಿಗೂ ಬಂತು. “ಮೇಲಿನ ಬಾವಿ ನೀರು ತಂದು ಸುರಿ. ಮೈಲಿಗೆ ಹೋಗ್ಲಿ. ಆಮೇಲೆ ಎತ್ಕೊ.”

ಮೈಲಿಗೆ ಅನ್ನಬಾರದೆಂಬ ಕಾನೂನು ಬಂದು ವರ್ಷಗಳಾಗಿದ್ದವು. ಅದು ಗೌರಿಬಿದನೂರಿನವರೆಗೆ ಬಂದಿತ್ತು; ಅಲ್ಲಿಂದ ಈ ಊರಿಗೆ ಬಸ್ಸಿರಲಿಲ್ಲ. ಮೇಲಿನ ಬಾವಿಯ ಕಟ್ಟೆಯನ್ನು ಕೇರಿಯವರು ಹತ್ತುವಂತಿರಲಿಲ್ಲ. ಬೇಸಿಗೆಯಲ್ಲಿ ಬರಿಗೊಡ ಇಟ್ಟುಕೊಂಡು ದೂರದಲ್ಲಿ ಕೂತರೆ, ಪುಣ್ಯವಿದ್ದ ದಿನ ಯಾರಾದರೂ ಹುಯ್ಯುತ್ತಿದ್ದರು. ಆ ನೀರು ಈಗ ತಾಮ್ರದ ಬಿಂದಿಗೆಯಲ್ಲಿ, ನಲ್ಲಪ್ಪನ ಹೆಗಲೇರಿ, ತಾನಾಗಿ ಕೇರಿಗೆ ಬಂತು. ಬಾಯಾರಿದವರಿಗಲ್ಲ. ಅವರ ಅಂಗಳದಲ್ಲಿ ಬೆಳೆದ ಗಿಡದಿಂದ ಅವರನ್ನು ತೊಳೆದು ಹಾಕುವುದಕ್ಕೆ.

ನಲ್ಲಪ್ಪ ಬಿಂದಿಗೆ ಎತ್ತಿ ಹಿಡಿದು ಸುರಿದ. ಬುಡ, ಎಲೆ, ತೆನೆ ಎಲ್ಲ ನೆನೆಯಿತೇ ಎಂದು ನೋಡಲು ಚೆನ್ನರಾಯಪ್ಪ ಹತ್ತಿರ ಬಂದು ಬಗ್ಗಿದ.

ಚಟ್.

ಆಮೇಲೆ ಚಟಚಟ, ಚಟಚಟ. ನೀರು ಕುಡಿದ ತೆನೆಗಳು ಒಂದರ ಹಿಂದೆ ಒಂದು ಸಿಡಿದವು. ಬೀಜ ಅಂಗಳಕ್ಕೆ ಹಾರಿತು, ಪಕ್ಕದ ಗುಡಿಸಲ ಮುಂದಕ್ಕೆ ಹಾರಿತು, ಆಂಜಿನಮ್ಮನ ಅರಿಶಿನದ ಪಾದಕ್ಕೆ ಬಂದು ಬಡಿಯಿತು.

“ಏ, ನಿಲ್ಸೋ, ನಿಲ್ಸೋ,” ಎಂದ ಚೆನ್ನರಾಯಪ್ಪ. ನೀರು ತಾಗಿದರೆ ತೆನೆ ಸಿಡಿಯುತ್ತದೆಂದು ಅವನಿಗೆ ಗೊತ್ತಿಲ್ಲದ್ದಲ್ಲ. ಮೈಲಿಗೆ ಎಂದ ಬಾಯಿಗೆ ಅದು ಮರೆತುಹೋಗಿತ್ತು. ಬಿಂದಿಗೆ ಖಾಲಿಯಾಗಿತ್ತು. “ಆರಿಸೋ ಅವನ್ನ.”

ನಲ್ಲಪ್ಪ ನೆಲ ನೋಡಿದ. ಕೇರಿಯ ಕೆಸರು, ಬಚ್ಚಲ ನೀರು. ಅವನ ಕೈ ಕೆಳಗಿಳಿಯಲಿಲ್ಲ. ಚೆನ್ನರಾಯಪ್ಪನ ಕೈಯೂ ಇಳಿಯಲಿಲ್ಲ. ಮೇಲಿನ ಬಾವಿಯ ನೀರು ಬೀಜಗಳನ್ನು ನೆನೆಸುತ್ತ ನಿಧಾನವಾಗಿ ಕೇರಿಯ ಮಣ್ಣಿಗೆ ಇಂಗತೊಡಗಿತು.

ತುದಿಯ ಹೂಗಳು ಕೆಸರಾಗಿದ್ದವು. ಸೋಮವಾರಕ್ಕೆ ಸ್ಫಟಿಕದ ಹೂವೇ ಗತಿ. ಕದಿರಮ್ಮ ಗಿಡವನ್ನು ಒಂದು ಸಲ ನೋಡಿ, ಸೆರಗು ಸೊಂಟಕ್ಕೆ ಸಿಕ್ಕಿಸಿ, ಕೇರಿಯಿಂದ ಊರಿಗೆ ಹೋಗುವ ದಾರಿಗೆ ನಡೆದಳು. ನಲ್ಲಪ್ಪ ತೋಟದ ಬಾಗಿಲಲ್ಲಿ ನಿಲ್ಲುವ ಹಾಗೆಯೇ ಅಲ್ಲಿ ನಿಂತಳು. ಮನೆಗೆ ಹೊರಟು ಅಲ್ಲಿಗೆ ಬಂದ ಚೆನ್ನರಾಯಪ್ಪನ ಬಿಳಿ ಪಂಚೆಯ ಒದ್ದೆ ಅಂಚಿಗೆ ಬೀಜಗಳು ಅಂಟಿದ್ದವು.

“ನಿಂತ್ಕೊಳಿ ಗೌಡ್ರೇ,” ಎಂದಳು. “ಪಂಚೆ ಒದರಿ ಹೋಗಿ.”