ನನ್ನ ಮೂಲಕ ಬರಬೇಡಿ

ಯಾರೋ ಅವಳ ಸ್ವಿಚ್ಚಿನ ಬಾಯಲ್ಲಿ ಸುಳ್ಳು ಹೇಳಿಸಿದ್ದರು.

ಆಸ್ಪತ್ರೆಯ ಮೂರು ಕಟ್ಟಡಗಳ ಕಂಪ್ಯೂಟರುಗಳನ್ನು ಬೆಸೆಯುವ ನೆಟ್‌ವರ್ಕ್ ಸ್ವಿಚ್ಚುಗಳು ಓಎಸ್‌ಪಿಎಫ್ ಎಂಬ ಕಟ್ಟಳೆಯಂತೆ ಸದಾ ಒಂದಕ್ಕೊಂದು ಹೇಳಿಕೊಳ್ಳುತ್ತವೆ: ನನ್ನ ಮೂಲಕ ಬಂದರೆ ಇಷ್ಟು ದೂರ. ಹತ್ತಿರದ ದಾರಿ ಯಾವುದೋ ಅದರಲ್ಲೇ ಎಕ್ಸ್‌ರೇ, ರಕ್ತದ ವರದಿ, ಔಷಧಿ ಚೀಟಿ ಎಲ್ಲ ಹರಿಯುತ್ತವೆ. ಹನ್ನೊಂದು ವರ್ಷದಿಂದ ಆ ದಾರಿ ನೆಲಮಾಳಿಗೆಯ ಈ ದೊಡ್ಡ ಸ್ವಿಚ್ಚು. ಕೂರಿಸಿದವಳು ಅವಳೇ. ಈಗ ಅದು ತನ್ನ ದೂರ ಅರವತ್ತೈದು ಸಾವಿರದ ಐನೂರ ಮೂವತ್ತೈದು ಎಂದು ಸಾರುತ್ತಿತ್ತು. ಅದಕ್ಕಿಂತ ದೊಡ್ಡ ದೂರ ಆ ಭಾಷೆಯಲ್ಲಿಲ್ಲ. ಅಕ್ಕಪಕ್ಕದವು ನಂಬಿ ಬೇರೆ ದಾರಿ ಹಿಡಿದಿದ್ದವು.

ಬದಲಾಯಿಸಿದ್ದು ನಿನ್ನೆ ಬೆಳಿಗ್ಗೆ. ದಾಖಲೆಯಲ್ಲಿದ್ದ ಗುರುತು ಅವಳ ಸಹಾಯಕಿ ಚೂಟಿಯದು.

ಕೇಬಲ್ಲಿನ ತುದಿ ಹಿಡಿಯಲೂ ಬರದ ಹುಡುಗಿಯನ್ನು ಆರು ವರ್ಷ ಪಕ್ಕದಲ್ಲಿ ಕೂರಿಸಿಕೊಂಡು ಕಲಿಸಿದ್ದಳು. ವಿಭಾಗದಲ್ಲಿ ಇನ್ನು ಒಬ್ಬರೇ ಸಾಕಂತೆ ಎಂಬ ಗುಸುಗುಸು ಹಬ್ಬಿದ ವಾರವೇ ಹೀಗಾಗಬೇಕೆ? ಅದೂ ತಾನು ಜ್ವರವೆಂದು ಮಲಗಿದ್ದ ದಿನ?

ಸದ್ಯ, ಮನೆಯಲ್ಲಾದರೂ ನೆಮ್ಮದಿಯಿತ್ತು. ಮೂರು ತಿಂಗಳಿಂದ ಗಂಡ ಬೇರೆಯೇ ಮನುಷ್ಯ. 'ನೀನು ಸುಸ್ತಾಗ್ತೀಯ' ಎನ್ನುತ್ತ ಒಂದೊಂದೇ ಕೆಲಸ ಅವಳ ಕೈಯಿಂದ ತೆಗೆದುಕೊಂಡಿದ್ದ. ಮಗಳ ಶಾಲೆಯವರು ಈಗ ಅವನಿಗೇ ಫೋನ್ ಮಾಡುತ್ತಿದ್ದರು. ಅತ್ತೆಯ ಮಾತ್ರೆ ಡಬ್ಬಿ ನಾದಿನಿಯ ಕೈಗೆ ಹೋಗಿತ್ತು. ಮೊನ್ನೆ ಊಟದ ಹೊತ್ತಿಗೆ ಅವಳ ಕೆಲಸದ ಬಗ್ಗೆಯೂ ಕೇಳಿದ್ದ. ಮದುವೆಯಾದ ಹದಿನೇಳು ವರ್ಷದಲ್ಲಿ ಅದೇ ಮೊದಲು. ಹಳೆಯ ಸ್ವಿಚ್ಚನ್ನು ಹೇಗೆ ತೆಗೆಯುತ್ತಾರೆಂದು ಅವಳು ಉತ್ಸಾಹದಿಂದ ವಿವರಿಸಿದ್ದಳು. ಚಮಚ ಕೆಳಗಿಟ್ಟು ಕೇಳಿದವನು, "ಕಿತ್ತಾಗ ಯಾರಿಗೂ ಗೊತ್ತೇ ಆಗಲ್ವಾ?" ಎಂದಿದ್ದ. "ಒಂದು ಕೆಮ್ಮಿನಷ್ಟೂ ಸದ್ದಾಗಲ್ಲ" ಎಂದು ನಕ್ಕಿದ್ದಳು.

ಚೂಟಿ ಕೈಯಲ್ಲಿ ಸ್ಕ್ರೂಡ್ರೈವರ್ ಹಿಡಿದು ಬಂದಳು.

"ನನಗೊಂದು ಮಾತು ಹೇಳ್ಬೇಕು ಅನ್ನಿಸ್ಲಿಲ್ವಾ ನಿನಗೆ?"

"ಅಯ್ಯೋ ಅಕ್ಕಾ, ಹೇಳೋಕೇ ಮನೆಗೆ ಫೋನ್ ಮಾಡಿದ್ದೆ. ಭಾವ ಎತ್ತಿದ್ರು. 'ಅವಳಿಗೆ ಏನೂ ಹೇಳ್ಬೇಡ, ಮಲಗಿರ್ಲಿ' ಅಂದ್ರು." ಚೂಟಿ ಸ್ವಿಚ್ಚಿನ ಬೆನ್ನಿಗೆ ಅವಳ ಅಂಗೈ ಒತ್ತಿಸಿದಳು. ಕೆಂಡದಂತೆ ಸುಡುತ್ತಿತ್ತು. "ಫ್ಯಾನ್ ಸತ್ತಿದೆ. ನೀವು ಕಲಿಸಿದ್ದೇ ಮಾಡಿದೆ. ಮೊದಲು ನೆರೆಯವರಿಗೆಲ್ಲ 'ನನ್ನ ಮೂಲಕ ಬರಬೇಡಿ' ಅಂತ ಹೇಳಿಸ್ಬೇಕು. ಪೂರ್ತಿ ಖಾಲಿಯಾದ್ಮೇಲೆ ಕೇಬಲ್ ಎಳೀಬೇಕು. ನಿಮಗೋಸ್ಕರ ಕಾಯ್ತಿದ್ದೆ. ಹನ್ನೊಂದು ವರ್ಷ ಸಾಕಿದವರು, ನೀವೇ ಎಳೀರಿ."

ಅವಳಿಗೆ ನಾಚಿಕೆಯಾಯಿತು. ಚೂಟಿಯ ತಲೆಗೊಂದು ಮೊಟಕಿ ಕೇಬಲ್ ಎಳೆದಳು. ಹಸಿರು ದೀಪ ಆರಿತು. ಮೇಲಿನ ವಾರ್ಡಿಗೆ ಫೋನ್ ಮಾಡಿ ಕೇಳಿದಳು: "ಏನಾದ್ರೂ ನಿಂತು ಹೋಯ್ತಾ?"

"ಇಲ್ವಲ್ಲ," ಎಂದಳು ನರ್ಸ್. "ಏನು ನಿಲ್ಬೇಕಿತ್ತು?"

ಕೆಲಸ ಚೆನ್ನಾಗಿಯೇ ಆಗಿತ್ತು. ಆದರೂ ಎಲ್ಲೋ ಒಂದು ಮುಳ್ಳು ಚುಚ್ಚಿತು. ಹನ್ನೊಂದು ವರ್ಷ ಎಲ್ಲವನ್ನೂ ಹೊತ್ತದ್ದು ಹೋದದ್ದೇ ಒಬ್ಬರಿಗೂ ತಿಳಿಯಲಿಲ್ಲ.

ಚೂಟಿಯನ್ನು ಅನುಮಾನಿಸಿದ ಕಥೆಯನ್ನು ಗಂಡನಿಗೆ ಹೇಳಿ ನಗಬೇಕೆಂದುಕೊಳ್ಳುತ್ತ ಸಂಜೆ ಬೇಗನೆ ಹೊರಟಳು. ಗಂಟೆ ಒತ್ತುವ ಮೊದಲೇ ಅವನು ಬಾಗಿಲು ತೆರೆದ. ಒಳಗೆ ನಾದಿನಿ ಮಗಳಿಗೆ ಲೆಕ್ಕ ಹೇಳಿಕೊಡುತ್ತಿದ್ದಳು. ಅತ್ತೆ ಮಾತ್ರೆ ನುಂಗಿ ನೀರು ಕುಡಿಯುತ್ತಿದ್ದರು. ಯಾರೂ ತಲೆಯೆತ್ತಲಿಲ್ಲ.

ಚಪ್ಪಲಿ ಗೂಡಿನ ಪಕ್ಕ ಅವಳ ನೀಲಿ ಸೂಟ್‌ಕೇಸು ತುಂಬಿ ನಿಂತಿತ್ತು.

"ಇಲ್ಲಿ ಯಾರಿಗೂ ತೊಂದರೆ ಆಗಲ್ಲ," ಎಂದ ಅವನು, ಮೆಲ್ಲಗೆ. "ನೀನು ಹೇಳಿಕೊಟ್ಟ ಹಾಗೇ ಮಾಡಿದ್ದೀನಿ."