ಅವರೆಕಾಯಿ ಬಿಡಿಸುವ ಚಿತ್ರ

ಜನರಿಗೆ ತಾನಾಗಿ ನಿದ್ದೆ ಬರುವುದು ನಿಂತ ಮೇಲೆ ಹರಿಹರದವರೆಲ್ಲ ಮಲಗಲು ಚಿತ್ರಮಂದಿರಕ್ಕೇ ಹೋಗುತ್ತಿದ್ದರು. ಚಿತ್ರ ಎಷ್ಟು ಸಪ್ಪೆಯೋ ನಿದ್ದೆ ಅಷ್ಟು ಗಾಢ. ಊರಲ್ಲೆಲ್ಲ ಹೆಸರಾಗಿದ್ದದ್ದು, ರುದ್ರಮುನಿ ಎಂಬ ನಟ ಮೊದಲಿಂದ ಕೊನೆಯವರೆಗೆ ಸುಮ್ಮನೆ ಕೂತು ಅವರೆಕಾಯಿ ಬಿಡಿಸುವ ಚಿತ್ರ. ಅದರೆದುರು ಎಚ್ಚರವಿರುತ್ತಿದ್ದವಳು ಒಬ್ಬಳೇ, ಅವನ ಹೆಂಡತಿ ನೀಲಮ್ಮ.

ರುದ್ರಮುನಿ ತೀರಿಕೊಂಡ ಮೇಲೆ ಅವಳು ಬೇರೆ ಚಿತ್ರಕ್ಕೆ ಹೋಗಿರಲೇ ಇಲ್ಲ. ಅಕ್ಕ ಕೊಟ್ರಮ್ಮ ದಿನವೂ ಬೈಯುತ್ತಿದ್ದಳು. “ನಿನ್ ಕಣ್ಣು ನೋಡ್ಕಂಡೀಯೇನೇ? ಬೇರೆ ಟಾಕೀಸಿಗೆ ಹೋಗಿ ಮಲಗ್ಬಾರ್ದಾ? ಹಿಂಗಾದ್ರೆ ನೀನೂ ಉಳಿಯಲ್ಲ.”

“ಅಲ್ಲಿ ಅವ್ರು ಇರಲ್ವಲ್ಲಕ್ಕಾ” ಎನ್ನುತ್ತಿದ್ದಳು ನೀಲಮ್ಮ.

ಹುಳುಕು ಕಾಯಿ ಸಿಕ್ಕಾಗ ಪರದೆಯ ಮೇಲೆ ರುದ್ರಮುನಿ ಹುಬ್ಬು ಗಂಟಿಕ್ಕುತ್ತಿದ್ದ. ಒಮ್ಮೆ ಕದ್ದು ಎಳೆಕಾಳೊಂದನ್ನು ಬಾಯಿಗೆ ಹಾಕಿಕೊಳ್ಳುತ್ತಿದ್ದ. ಸುತ್ತ ಊರೇ ಗೊರಕೆ ಹೊಡೆಯುವಾಗ ನೀಲಮ್ಮ ಒಬ್ಬಳೇ ನಗುತ್ತಿದ್ದಳು.

ಒಂದು ಮಧ್ಯಾಹ್ನ ಯಾರೋ ಅವಳ ಭುಜ ಅಲುಗಿಸಿದರು. ಕಣ್ಣು ಬಿಟ್ಟರೆ ಚಿತ್ರ ಮುಗಿದು ಹೋಗಿತ್ತು, ಜನ ಮೈಮುರಿಯುತ್ತ ಹೊರಡುತ್ತಿದ್ದರು. ಪಕ್ಕದಲ್ಲಿ ಕೊಟ್ರಮ್ಮ ಕಣ್ಣು ತುಂಬಿಕೊಂಡು ನಿಂತಿದ್ದಳು.

“ನೀನೂ ನಿದ್ದೆ ಮಾಡ್ದೆ ಕಣೇ ನೀಲಾ. ಅಂತೂ ದೇವ್ರು ಕಣ್ಣು ಬಿಟ್ಟ.”

ನೀಲಮ್ಮನ ಮೈ ಹಗುರಾಗಿತ್ತು, ಎಷ್ಟೋ ದಿನದ ತಲೆನೋವು ಇಳಿದಿತ್ತು. ಅವಳು ಬಿಳಿ ಪರದೆಯನ್ನೇ ನೋಡುತ್ತ ಸೆರಗನ್ನು ಬಾಯಿಗೆ ಒತ್ತಿಕೊಂಡಳು.

“ಅವ್ರು ಅಷ್ಟೊತ್ತು ಎದುರಿಗೇ ಕೂತಿದ್ರಲ್ಲಕ್ಕಾ” ಎಂದಳು. “ಎಲ್ರಂಗೆ ನಾನೂ ಮಲಗಿಬಿಟ್ಟೆ.”